ನಾಡದೋಣಿಗೆ ಹೊಸ ಎಂಜಿನ್: ಯಾವುದು, ಯಾರಿಗೆ, ಏಕೆ

ಮೇ ತಿಂಗಳು ಬಂತೆಂದರೆ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕದ ನಮ್ಮ ಶೆಡ್ಡಿನ ಗೋಡೆಗೆ ಹಳೆಯ ಎಂಜಿನ್‌ಗಳು ಒಂದರ ಪಕ್ಕ ಒಂದು ಒರಗಿ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಟ್ರಾಲ್, ಪರ್ಸಿನ್ ಎಂಬ ದೊಡ್ಡ ಬಲೆಗಳ ಬೋಟುಗಳು ದಕ್ಕೆಯಲ್ಲಿ (ಬಂದರಿನ ಕಟ್ಟೆಯಲ್ಲಿ) ಕಟ್ಟಿಕೊಂಡಿರುವ ಆ 61 ದಿನಗಳೇ ನಾಡದೋಣಿಯವರ ದುಡಿಮೆಯ ದಿನಗಳು. ಅದಕ್ಕೆ ಮೊದಲು ಎಂಜಿನ್ ಸರಿಯಾಗಬೇಕು. ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಗೋಡೆ ಗೀರು ಬಿದ್ದಿರುತ್ತದೆ, ಪಿಸ್ಟನ್ ರಿಂಗ್ ಇಂಗಾಲದಲ್ಲಿ ಅಂಟಿಕೊಂಡಿರುತ್ತದೆ, ನೀರು ಹರಿಯುವ ದಾರಿಗಳಲ್ಲಿ ಉಪ್ಪು ಕಲ್ಲಿನಂತೆ ಕೂತಿರುತ್ತದೆ. ದುರಸ್ತಿಗೆ ಎಷ್ಟಾಗುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಎದುರಿನವರ ಪ್ರಶ್ನೆ ಬರುತ್ತದೆ: "ಅಣ್ಣ, ಇದರ ಮೇಲೆ ಇಷ್ಟು ಸುರಿಯುವ ಬದಲು ಹೊಸದೇ ತೆಗೆದುಕೊಂಡರೆ ಯಾವುದು ತೆಗೆದುಕೊಳ್ಳಲಿ?"

ಹತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ಯೋಚಿಸುವ ಅಗತ್ಯವೇ ಇರಲಿಲ್ಲ. ಸೀಮೆಎಣ್ಣೆಯ ಎಂಜಿನ್ ಎಂದರೆ ಮುಗಿಯಿತು. ಈಗ ಹಾಗಿಲ್ಲ. ಪೆಟ್ರೋಲಿನ ಟೂ ಸ್ಟ್ರೋಕ್ (ಪೆಟ್ರೋಲಿಗೇ ಎಣ್ಣೆ ಬೆರೆಸುವ ಸರಳ ಎಂಜಿನ್), ಪೆಟ್ರೋಲಿನ ಫೋರ್ ಸ್ಟ್ರೋಕ್ (ಎಂಜಿನ್ ಎಣ್ಣೆ ಬೇರೆಯಾಗಿ ಇರುವುದು), ಡೀಸೆಲ್, ಬ್ಯಾಟರಿ ಎಂದು ನಾಲ್ಕು ದಾರಿಗಳು ಎದುರಿಗಿವೆ. ಅಂಗಡಿಯವರು ತಮ್ಮಲ್ಲಿ ಇರುವುದನ್ನು ಹೊಗಳುತ್ತಾರೆ. ಪಕ್ಕದ ದೋಣಿಯವರು ತಾವು ಕೊಂಡದ್ದನ್ನು ಹೊಗಳುತ್ತಾರೆ. ನಾನು ಮಾರುವವನಲ್ಲ, ಬಿಚ್ಚಿ ಜೋಡಿಸುವವನು. ನನಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಇಲ್ಲಿ ಹೇಳುವುದೆಲ್ಲ 20ರಿಂದ 30 ಅಡಿ ಉದ್ದದ, ಒಂದೇ ಎಂಜಿನ್ ಕಟ್ಟುವ, ಇಬ್ಬರಿಂದ ಐದು ಜನ ಹೋಗುವ ಫೈಬರ್ ದೋಣಿಗಳಿಗೆ. ಹತ್ತಾರು ಜನ ಸೇರಿ ನಡೆಸುವ ದೊಡ್ಡ ಜೋಡಿದೋಣಿಗಳ ಲೆಕ್ಕ ಬೇರೆ.

ಅಂಗಡಿಗೆ ಹೋಗುವ ಮೊದಲು

ಮೊದಲನೆಯದು ಕಾನೂನು. ಮಳೆಗಾಲದ ನಿಷೇಧದ ದಿನಗಳಲ್ಲಿ ಕಡಲಿಗಿಳಿಯಲು ಅನುಮತಿ ಇರುವುದು 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ. ಆದ್ದರಿಂದಲೇ ನಮ್ಮ ಕರಾವಳಿಯಲ್ಲಿ ಎಲ್ಲಿ ನೋಡಿದರೂ 9.8 ಅಥವಾ 9.9 ಎಂದು ಬರೆದ ಮುಚ್ಚಳಗಳು ಕಾಣುತ್ತವೆ. "15 ಎಚ್‌ಪಿ ತೆಗೆದುಕೊಂಡರೆ ಬೇಗ ಮುಟ್ಟಬಹುದಲ್ಲ" ಎನ್ನುವವರಿಗೆ ನಾನು ಎರಡು ಮಾತು ಹೇಳುತ್ತೇನೆ. ವರ್ಷದ ಒಳ್ಳೆಯ ಎರಡು ತಿಂಗಳು ಆ ಎಂಜಿನ್ ಮನೆಯಲ್ಲಿ ಕೂರಬೇಕಾಗುತ್ತದೆ ಎನ್ನುವುದು ಒಂದು. ಎರಡನೆಯದು ನೀರಿನ ಗುಣ. ತುಂಬಿದ ದೋಣಿ ತನ್ನದೇ ಅಲೆಯನ್ನು ತಳ್ಳಿಕೊಂಡು ಸಾಗುತ್ತದೆ, ಆ ಅಲೆಯನ್ನು ಏರಿ ಹೋಗಲು ಅದಕ್ಕೆ ಸುಲಭವಾಗಿ ಆಗುವುದಿಲ್ಲ. ನೀರಿನಲ್ಲಿ ಮುಳುಗಿರುವ ಉದ್ದದ ಅಡಿಗಳ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅಂಥ ದೋಣಿಯ ಸಹಜ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 25 ಅಡಿಗೆ 6.7 ನಾಟ್, ಅಂದರೆ ಗಂಟೆಗೆ ಸುಮಾರು 12 ಕಿಲೋಮೀಟರ್. ಬಲೆ, ಮಂಜುಗಡ್ಡೆ, ಮೀನು, ನಾಲ್ಕು ಜನರಿರುವ ದೋಣಿಯನ್ನು ಅಷ್ಟು ವೇಗಕ್ಕೆ ಒಯ್ಯಲು 9.9 ಸಾಕು. ಅದರ ಮೇಲೆ ಒಂದು ನಾಟ್ ಹೆಚ್ಚಿಸಲು ಸುಡುವ ಎಣ್ಣೆ ಮೀನಿನ ಬೆಲೆಯಲ್ಲಿ ಹುಟ್ಟುವುದಿಲ್ಲ.

ಎರಡನೆಯದು, ನಿಮ್ಮ ದೋಣಿ ರಾತ್ರಿ ಎಲ್ಲಿರುತ್ತದೆ? ಗಂಗೊಳ್ಳಿ, ಮಲ್ಪೆಯಂಥ ಕಡೆ ದಕ್ಕೆಗೆ ಕಟ್ಟುವವರು ಎಂಜಿನ್ನನ್ನು ದಿನವೂ ಇಳಿಸಬೇಕಾಗಿಲ್ಲ. ಉಪ್ಪುಂದದ ಮಡಿಕಲ್ ಕಡೆಯಂತೆ ಮರಳಿನ ಮೇಲೆ ದೋಣಿ ಎಳೆಯುವವರು ಎಂಜಿನ್ ಕಳಚಿ ಹೆಗಲ ಮೇಲೆ ಹೊತ್ತು ಶೆಡ್ಡಿಗೆ ಒಯ್ಯುತ್ತಾರೆ. ಅವರಿಗೆ ಹತ್ತು ಕಿಲೋ ವ್ಯತ್ಯಾಸವೆಂದರೆ ಬೆನ್ನಿನ ಪ್ರಶ್ನೆ.

ಮೂರನೆಯದು, ತಿಂಗಳಿಗೆ ಎಷ್ಟು ಗಂಟೆ ಓಡಿಸುತ್ತೀರಿ? ಇದನ್ನು ಅಂದಾಜಿನಲ್ಲಿ ಹೇಳಬೇಡಿ. ಕಳೆದ ವರ್ಷ ಎಣ್ಣೆಗೆ ಕೊಟ್ಟ ಹಣವನ್ನು ಕೂಡಿಸಿ ನೋಡಿ. ನನ್ನ ಬಳಿ ಬಂದ ಹೆಚ್ಚಿನವರು ಆ ಲೆಕ್ಕ ಮಾಡಿದಾಗ ಮಾತು ನಿಲ್ಲಿಸಿ ಕಾಗದವನ್ನೇ ನೋಡುತ್ತಾ ಕೂತಿದ್ದಾರೆ. ಎಂಜಿನ್ನಿನ ಬೆಲೆ ಒಂದು ಸಲ ಕೊಡುವುದು, ಎಣ್ಣೆಯ ಬೆಲೆ ದಿನವೂ ಕೊಡುವುದು.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಅಳಿವೆ. ಮಳೆಗಾಲದಲ್ಲಿ ನದಿಯ ನೀರು ಹೊರಗೆ ನುಗ್ಗುತ್ತಿರುತ್ತದೆ, ಕಡಲು ಒಳಗೆ ಒತ್ತುತ್ತಿರುತ್ತದೆ, ಮರಳದಿಬ್ಬದ ಮೇಲೆ ಅಲೆ ಒಡೆಯುತ್ತಿರುತ್ತದೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಗೆ ಮುಂದಿನ ಅಲೆಯೇ ಸಾಕು. ಆದ್ದರಿಂದ ಯಾವ ಎಂಜಿನ್ ಆದರೂ ಹಗ್ಗದ ಎರಡನೆಯ ಎಳೆತಕ್ಕೆ ಚಾಲೂ ಆಗಬೇಕು, ಕೆಟ್ಟರೆ ಬಿಡಿಭಾಗ ಅದೇ ದಿನ ಸಿಗಬೇಕು. ಈ ಎರಡನ್ನು ಕೊಡಲಾರದ ಎಂಜಿನ್ ಎಷ್ಟು ಅಗ್ಗವಾದರೂ ಬೇಡ.

ಸೀಮೆಎಣ್ಣೆಯಲ್ಲೇ ಉಳಿಯುವುದೇ?

ಹಳೆಯ ಗೆಳೆಯನನ್ನು ಬಿಡುವುದು ಕಷ್ಟ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಕಾರ್ಬ್ಯುರೇಟರ್ ತೊಳೆಯುವಂತೆ ಮಾಡುವುದು ನಮ್ಮ ಕೈಗಳಿಗೆ ಅಭ್ಯಾಸವಾಗಿ ಹೋಗಿದೆ. ಆದರೆ ಸೀಮೆಎಣ್ಣೆಯ ಆಕ್ಟೇನ್, ಅಂದರೆ ಒತ್ತಡ ತಾಳಿಕೊಂಡು ಉರಿಯುವ ಗುಣ, ಕಡಿಮೆ. ಅದು ಬಡಿಯದೆ ಉರಿಯಬೇಕಾದರೆ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗೆ ಒತ್ತುವ ಪ್ರಮಾಣ) ತಗ್ಗಿಸಬೇಕು. ತಗ್ಗಿಸಿದರೆ ಅದೇ ಅಳತೆಯ ಸಿಲಿಂಡರಿನಿಂದ ಕಡಿಮೆ ಶಕ್ತಿ, ಹೆಚ್ಚು ಇಂಗಾಲ, ಬೇಗ ಕೊಳೆಯಾಗುವ ಸ್ಪಾರ್ಕ್ ಪ್ಲಗ್.

ಇಷ್ಟನ್ನೂ ಸಹಿಸುತ್ತಿದ್ದುದು ಸಬ್ಸಿಡಿ ಎಣ್ಣೆಗಾಗಿ. ಆ ಎಣ್ಣೆಯ ಪ್ರಮಾಣವನ್ನೇ ನೋಡಿ. ತಿಂಗಳಿಗೆ 300 ಲೀಟರ್ ಎಂಬ ಲೆಕ್ಕವಿದೆ. ಪೂರ್ತಿ ವೇಗದಲ್ಲಿ ಗಂಟೆಗೆ ಐದೂವರೆ ಲೀಟರ್ ಕುಡಿಯುವ ಎಂಜಿನ್ನಿಗೆ ಅದು 55 ಗಂಟೆ, ದಿನಕ್ಕೆ ನಾಲ್ಕು ಗಂಟೆಯಂತೆ 14 ದಿನವೂ ತುಂಬದು. ಅದೂ ಕೈಗೆ ಸಿಕ್ಕಾಗಿನ ಮಾತು. ಬಿಡುಗಡೆ ತಡವಾದಾಗ, ಪ್ರಮಾಣ ಕಡಿತವಾದಾಗ ದೋಣಿ ಮೇಲೆ ಕೂರುತ್ತದೆ. ಸರ್ಕಾರವೇ 2023-24ರ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್‌ಗೆ ಬದಲಿಸಲು ತಲಾ 50,000 ರೂಪಾಯಿ ನೆರವು ಘೋಷಿಸಿದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇರುವ ಸೀಮೆಎಣ್ಣೆ ಎಂಜಿನ್ ಚೆನ್ನಾಗಿದ್ದರೆ ಓಡಿಸಿ, ಸವೆಯುವವರೆಗೆ ಓಡಿಸಿ. ಆದರೆ ಹೊಸದಾಗಿ ಹಣ ಹಾಕಿ ಅದನ್ನೇ ಕೊಳ್ಳಬೇಡಿ.

ಪೆಟ್ರೋಲಿನ ಟೂ ಸ್ಟ್ರೋಕ್

ಇದರ ದೊಡ್ಡ ಗುಣ ಹಗುರ, ಸರಳ. ತೊಹಾಟ್ಸುವಿನ 9.8 ಟೂ ಸ್ಟ್ರೋಕ್ 26 ಕಿಲೋ, ಅದೇ ಕಂಪನಿಯ 9.8 ಫೋರ್ ಸ್ಟ್ರೋಕ್ 37 ಕಿಲೋ. ಸುಜುಕಿಯ 9.9ರ ಇಂಧನ ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್ 44 ಕಿಲೋ. ಒಬ್ಬನೇ ಹೆಗಲ ಮೇಲೆ 26 ಕಿಲೋ ಇಟ್ಟುಕೊಂಡು ಮರಳಿನಲ್ಲಿ ನಡೆಯಬಲ್ಲ. 44 ಕಿಲೋಗೆ ಇಬ್ಬರು ಬೇಕು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಮುಚ್ಚಳದ ಮೇಲೆ ಒಂದೇ ಸಂಖ್ಯೆ ಇದ್ದ ಮಾತ್ರಕ್ಕೆ ಒಳಗಿರುವುದು ಒಂದೇ ಅಲ್ಲ. ಆ 26 ಕಿಲೋದ ತೊಹಾಟ್ಸುವಿನ ಸಿಲಿಂಡರುಗಳ ಒಟ್ಟು ಗಾತ್ರ 169 ಸಿಸಿ. ಯಮಾಹಾದ 9.9 ಟೂ ಸ್ಟ್ರೋಕ್ 246 ಸಿಸಿ, 15 ಅಶ್ವಶಕ್ತಿಯ ಎಂಜಿನ್ನಿನ ಒಡಲನ್ನೇ ತಗ್ಗಿಸಿ ಮಾಡಿದ್ದು. ಚಿಕ್ಕದು ಪೂರ್ತಿ ಬೆವರು ಸುರಿಸಿ ಕೊಡುವ ಶಕ್ತಿಯನ್ನು ದೊಡ್ಡದು ಉಸಿರು ಬಿಡುತ್ತಲೇ ಕೊಡುತ್ತದೆ, ಹೆಚ್ಚು ವರ್ಷ ಬಾಳುತ್ತದೆ, ಆದರೆ ಹತ್ತು ಕಿಲೋದಷ್ಟು ಹೆಚ್ಚು ತೂಗುತ್ತದೆ. ಇಬ್ಬರೇ ಹೋಗುವ ಹಗುರ ದೋಣಿಗೆ ಚಿಕ್ಕದು ಸರಿ. ನಾಲ್ಕು ಜನ, ಭಾರದ ಬಲೆ, ದೂರದ ಓಟವಿದ್ದರೆ ದೊಡ್ಡ ಸಿಲಿಂಡರಿನದನ್ನೇ ಕೇಳಿ. ಅಂಗಡಿಯಲ್ಲಿ ಕುದುರೆಯ ಲೆಕ್ಕದ ಜೊತೆಗೆ ಸಿಸಿ ಎಷ್ಟು, ತೂಕ ಎಷ್ಟು ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. 9.9ರ ತಡೆಯನ್ನು ತೆಗೆದು 15 ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ವಾರಂಟಿ ಹೋಗುತ್ತದೆ, ನಿಷೇಧದ ಅವಧಿಯಲ್ಲಿ ಸಿಕ್ಕಿಬಿದ್ದರೆ ಅನುಮತಿಯೂ ಹೋಗುತ್ತದೆ.

ಟೂ ಸ್ಟ್ರೋಕ್‌ನ ಇನ್ನೊಂದು ಗುಣ, ಕಷ್ಟದಲ್ಲಿ ಕ್ಷಮಿಸುವುದು. ಹೇಗೆ ಮಲಗಿಸಿದರೂ ಎಣ್ಣೆ ಸಿಲಿಂಡರಿಗೆ ಇಳಿಯುವ ಚಿಂತೆಯಿಲ್ಲ. ದೋಣಿ ಮಗುಚಿ ಎಂಜಿನ್ ನೀರು ಕುಡಿದರೂ ಅದೇ ದಿನ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ತೆಗೆದು, ನೀರು ಹೊರಹಾಕಿ, ಎಣ್ಣೆ ಹಾಕಿ ತಿರುಗಿಸಿದರೆ ಬಹಳ ಸಲ ಬದುಕಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ಶುಚಿ ಮಾಡಲು ಮರಳ ಮೇಲೆ ಹಾಸಿದ ಒಂದು ಗೋಣಿ ಸಾಕು.

ದೋಷವೂ ಅಷ್ಟೇ ದೊಡ್ಡದು. ಒಳಗೆ ಬಂದ ಹೊಸ ಪೆಟ್ರೋಲಿನ ಒಂದು ಪಾಲು ಉರಿಯುವ ಮೊದಲೇ ಹೊಗೆಯ ದಾರಿಯಲ್ಲಿ ಹೊರಗೆ ಹೋಗಿಬಿಡುತ್ತದೆ. ಆ ಪಾಲು ಶೇ 30ರವರೆಗೂ ಇರಬಹುದು. ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡುವ ಪದರ ನಮ್ಮದೇ ಹಣ, ನಮ್ಮದೇ ಮೀನು ಮೊಟ್ಟೆಯಿಡುವ ನೀರು. ಅಮೆರಿಕ, ಯುರೋಪ್‌ಗಳಲ್ಲಿ ಇಂಥ ಕಾರ್ಬ್ಯುರೇಟರ್ ಟೂ ಸ್ಟ್ರೋಕ್‌ಗಳ ಹೊಸ ಮಾರಾಟ ನಿಂತು ವರ್ಷಗಳಾದವು.

ಕೊಂಡರೆ, ಪೆಟ್ರೋಲಿಗೆ ಬೆರೆಸುವ ಎಣ್ಣೆ ಟಿಸಿ-ಡಬ್ಲ್ಯೂ3 (ನೀರಿನಿಂದ ತಣಿಯುವ ದೋಣಿ ಎಂಜಿನ್ನಿನ ಎಣ್ಣೆಯ ಗುರುತು) ಎಂದು ಬರೆದಿರುವುದೇ ಆಗಿರಲಿ. ಸ್ಕೂಟರಿನ 2ಟಿ ಎಣ್ಣೆ ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು. ಅದನ್ನು ಹಾಕಿ ರಿಂಗ್ ಅಂಟಿಸಿಕೊಂಡು ಬಂದ ಎಂಜಿನ್‌ಗಳು ಪ್ರತಿ ವರ್ಷ ನನ್ನ ಮೇಜಿನ ಮೇಲೆ ಇರುತ್ತವೆ.

ಪೆಟ್ರೋಲಿನ ಫೋರ್ ಸ್ಟ್ರೋಕ್

ಒಂದು ಲೆಕ್ಕ ಮಾಡೋಣ. ಪೂರ್ತಿ ವೇಗದಲ್ಲಿ 9.9 ಟೂ ಸ್ಟ್ರೋಕ್ ಗಂಟೆಗೆ ಸುಮಾರು ನಾಲ್ಕೂವರೆ ಲೀಟರ್, ಫೋರ್ ಸ್ಟ್ರೋಕ್ ಸುಮಾರು 3.3 ಲೀಟರ್ ಎಂದು ಹಿಡಿಯಿರಿ. ದಿನಕ್ಕೆ 4 ಗಂಟೆ, ತಿಂಗಳಿಗೆ 20 ದಿನ, ಒಟ್ಟು 80 ಗಂಟೆ. ಒಂದಕ್ಕೆ 360 ಲೀಟರ್, ಇನ್ನೊಂದಕ್ಕೆ 264. ವ್ಯತ್ಯಾಸ 96 ಲೀಟರ್. ಲೀಟರಿಗೆ 100 ರೂಪಾಯಿ ಎಂದರೂ ತಿಂಗಳಿಗೆ 9,600. ಇದಕ್ಕೆ ಬೆರಕೆ ಎಣ್ಣೆಯನ್ನು ಸೇರಿಸಿ. 50ಕ್ಕೆ 1ರ ಪ್ರಮಾಣದಲ್ಲಿ 360 ಲೀಟರ್ ಪೆಟ್ರೋಲಿಗೆ 7 ಲೀಟರಿಗಿಂತ ಹೆಚ್ಚು. ಫೋರ್ ಸ್ಟ್ರೋಕ್‌ಗೆ 100 ಗಂಟೆಗೊಮ್ಮೆ ಬದಲಿಸುವ ಎಂಜಿನ್ ಎಣ್ಣೆ ಸುಮಾರು ಒಂದು ಲೀಟರ್, ಅಷ್ಟೇ. ವರ್ಷಕ್ಕೆ ಎಂಟು ತಿಂಗಳು ದುಡಿದರೆ ಪೆಟ್ರೋಲೊಂದರಲ್ಲೇ ಮುಕ್ಕಾಲು ಲಕ್ಷ ಮೀರಿ ಉಳಿಯುತ್ತದೆ.

ಈಗ ಅಂಗಡಿಯಲ್ಲಿ ಎರಡರ ಬೆಲೆ ಕೇಳಿ, ವ್ಯತ್ಯಾಸವನ್ನು ನಿಮ್ಮ ತಿಂಗಳ ಉಳಿತಾಯದಿಂದ ಭಾಗಿಸಿ. 12 ತಿಂಗಳಿಗಿಂತ ಕಡಿಮೆ ಬಂದರೆ ಫೋರ್ ಸ್ಟ್ರೋಕ್ ಬಿಟ್ಟು ಬೇರೆ ಯೋಚನೆ ಬೇಡ. ತಿಂಗಳಿಗೆ ಐದಾರು ದಿನ ಮಾತ್ರ ಕಡಲಿಗಿಳಿಯುವವರಿಗೆ ಈ ಹಣ ಮರಳಲು ಹಲವು ವರ್ಷ ಬೇಕು. ಅವರಿಗೆ ಟೂ ಸ್ಟ್ರೋಕ್ ಇನ್ನೂ ಸರಿಯಾದ ಆಯ್ಕೆ.

ಲೆಕ್ಕಕ್ಕೆ ಸಿಗದ ಲಾಭವೂ ಇದೆ. ಬಲೆಯ ಪಕ್ಕ ನಿಧಾನವಾಗಿ ಸಾಗುವಾಗ ಟೂ ಸ್ಟ್ರೋಕ್ ಪ್ಲಗ್ ಕೊಳೆಮಾಡಿಕೊಂಡು ಕೆಮ್ಮುತ್ತದೆ, ಫೋರ್ ಸ್ಟ್ರೋಕ್ ಸುಮ್ಮನೆ ಓಡುತ್ತಿರುತ್ತದೆ. ಹೊಗೆ ಕಡಿಮೆ. ಹಿಂದೆ ಕೂತು ಎಂಜಿನ್ ಹಿಡಿಯುವವರ ಕಿವಿಯೂ ಉಳಿಯುತ್ತದೆ. ಮೂವತ್ತು ವರ್ಷ ಎಂಜಿನ್ ಹಿಡಿದ ನಮ್ಮ ದೊಡ್ಡಪ್ಪನಿಗೆ ಈಗ ಮೊಮ್ಮಕ್ಕಳ ಮಾತು ಕೇಳಿಸುವುದಿಲ್ಲ. ಅದಕ್ಕೇ ಈ ಒಂದು ಗುಣವನ್ನು ನಾನು ಚಿಕ್ಕದೆಂದು ಬಿಡಲಾರೆ.

ಕಷ್ಟಗಳೂ ಇವೆ. ತೂಕವನ್ನು ಆಗಲೇ ಹೇಳಿದೆ. ಕಳಚಿ ಮಲಗಿಸುವಾಗ ಕಂಪನಿ ಹೇಳಿದ ಬದಿಗೇ ಮಲಗಿಸಬೇಕು. ಬೇರೆ ಬದಿಗೆ ಮಲಗಿಸಿದರೆ ಎಂಜಿನ್ ಎಣ್ಣೆ ಸಿಲಿಂಡರಿಗೆ ಇಳಿದು ಮರುದಿನ ಹಗ್ಗ ಎಳೆಯಲು ಬಾರದು. ಮೊದಲ 20 ಗಂಟೆಗೆ ಎಣ್ಣೆ ಬದಲಿಸಲೇಬೇಕು, ಆಮೇಲೆ 100 ಗಂಟೆಗೊಮ್ಮೆ. "ಎಣ್ಣೆ ಇನ್ನೂ ಕಪ್ಪಾಗಿಲ್ಲ" ಎಂದು ಮುಂದೂಡುವವರಿಗೆ ಫೋರ್ ಸ್ಟ್ರೋಕ್ ಬೇಡವೆಂದೇ ಹೇಳುತ್ತೇನೆ. ಇದು ನೋಡಿಕೊಂಡವರನ್ನು ನೋಡಿಕೊಳ್ಳುವ ಯಂತ್ರ.

ಕಾರ್ಬ್ಯುರೇಟರ್ ಇರುವುದೋ ಇಂಜೆಕ್ಷನ್ ಇರುವುದೋ ಎಂಬ ಪ್ರಶ್ನೆಯೂ ಬರುತ್ತದೆ. ಇಂಜೆಕ್ಷನ್ ಎಂಜಿನ್ ಮಳೆಯ ಚಳಿಯಲ್ಲೂ ಮೊದಲ ಎಳೆತಕ್ಕೆ ಹತ್ತಿಕೊಳ್ಳುತ್ತದೆ, ಪೆಟ್ರೋಲ್ ಇನ್ನೂ ಉಳಿಸುತ್ತದೆ. ಆದರೆ ಒಳಗಿನ ಪಂಪು, ಸೆನ್ಸರ್ ಕೆಟ್ಟರೆ ಗೋಣಿ ಹಾಸಿ ಕೂತು ಸರಿಮಾಡಲು ಆಗದು. ಕಂಪನಿಯ ಸರ್ವಿಸ್ ನಿಮ್ಮ ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಇದ್ದರೆ ಇಂಜೆಕ್ಷನ್ ತೆಗೆದುಕೊಳ್ಳಿ, ಇಲ್ಲವಾದರೆ ಕಾರ್ಬ್ಯುರೇಟರ್ ಇರುವ ಫೋರ್ ಸ್ಟ್ರೋಕ್ ನೆಮ್ಮದಿ.

ಇನ್ನು ಪೆಟ್ರೋಲಿನ ಮಾತು. ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಭಾಗಕ್ಕೆ ಕಟ್ಟುವ ಇಂಥ ಎಂಜಿನ್‌ಗಳ ಹೆಚ್ಚಿನ ಕಂಪನಿಗಳು ತಮ್ಮ ಕೈಪಿಡಿಗಳಲ್ಲಿ ಒಪ್ಪಿರುವುದು ಶೇ 10ರವರೆಗೆ ಮಾತ್ರ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಕೊರತೆ? ಹೀರಿದ ನೀರು ಒಂದು ಮಟ್ಟ ಮೀರಿದರೆ ಎಥೆನಾಲ್ ಜೊತೆಗೆ ಬೇರ್ಪಟ್ಟು ಕ್ಯಾನಿನ ತಳಕ್ಕೆ ಇಳಿಯುತ್ತದೆ, ಎಂಜಿನ್ನಿನ ಪೈಪು ಎಳೆಯುವುದೂ ತಳದಿಂದಲೇ. ಹಳೆಯ ರಬ್ಬರ್ ಪೈಪು, ವಾಷರುಗಳೂ ಮೆತ್ತಗಾಗುತ್ತವೆ.

ಎರಡು ಮಳೆಗಾಲದ ಹಿಂದೆ ನನ್ನ ಭಾವನ ದೋಣಿಯಲ್ಲಿ ಇದೇ ಆಯಿತು. ಮೂರು ವಾರ ಕ್ಯಾನಿನಲ್ಲೇ ಇದ್ದ ಪೆಟ್ರೋಲ್. ಬೆಳಗಿನ ಜಾವ ಅಳಿವೆ ದಾಟುವ ಹೊತ್ತಿಗೆ ಎಂಜಿನ್ ಎರಡು ಸಲ ತಡವರಿಸಿ ನಿಂತಿತು. ಜೊತೆಯಲ್ಲಿ ಹುಟ್ಟು ಇತ್ತು, ಏರುವ ನೀರು ಒಳಗೆ ತಳ್ಳುತ್ತಿತ್ತು, ಹಿಂದೆ ಬರುತ್ತಿದ್ದ ದೋಣಿಯವರು ಹಗ್ಗ ಎಸೆದರು. ಕ್ಯಾನನ್ನು ನಾನೇ ಗಾಜಿನ ಬಾಟಲಿಗೆ ಬಗ್ಗಿಸಿ ನೋಡಿದೆ, ತಳದಲ್ಲಿ ಎರಡು ಬೆರಳಿನಷ್ಟು ಮಬ್ಬು ನೀರು ಬೇರೆಯಾಗಿ ನಿಂತಿತ್ತು. ಅಂದಿನಿಂದ ನಮ್ಮ ಮನೆಯ ಯಾವ ದೋಣಿಗೂ ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದೆ ಎಂಜಿನ್ ಕಟ್ಟುವುದಿಲ್ಲ. ಒಂದು ವಾರಕ್ಕಿಂತ ಹಳೆಯ ಪೆಟ್ರೋಲನ್ನು ದೋಣಿಗೆ ಹಾಕುವುದಿಲ್ಲ, ಬೈಕಿಗೆ ಹಾಕಿ ಮುಗಿಸುತ್ತೇವೆ. ನೀವು ಯಾವ ಪೆಟ್ರೋಲ್ ಎಂಜಿನ್ ಕೊಂಡರೂ "ಇ20 ಪೆಟ್ರೋಲಿಗೆ ವಾರಂಟಿ ಇದೆಯೇ" ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡುವ ಕಂಪನಿ ಬೆಲೆಯಲ್ಲಿ ಸ್ವಲ್ಪ ಹೆಚ್ಚಿದ್ದರೂ ನಾನು ಅದನ್ನೇ ಆರಿಸುತ್ತೇನೆ.

ಡೀಸೆಲ್

ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಎಥೆನಾಲಿನ ಈ ಗೋಳಿಲ್ಲ, ಬೆಂಕಿಯ ಭಯ ಕಡಿಮೆ. ಇದೇ ಶಕ್ತಿಗೆ ಗಂಟೆಗೆ ಎರಡೂಕಾಲು ಲೀಟರಿನ ಆಸುಪಾಸು ಸಾಕು. ಕಾಗದದ ಮೇಲೆ ಇದೇ ಗೆಲ್ಲುತ್ತದೆ. ದೋಣಿಯ ಮೇಲೆ ತೂಕ ಅಡ್ಡಬರುತ್ತದೆ. ಈ ಅಳತೆಯಲ್ಲಿ ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವುದು ದೋಣಿಯೊಳಗೆ ಕೂರಿಸುವ ಅಥವಾ ಉದ್ದ ಕೋಲಿನ ತುದಿಯಲ್ಲಿ ಪ್ರೊಪೆಲರ್ ಇರುವ ಒಂಟಿ ಸಿಲಿಂಡರ್ ಎಂಜಿನ್‌ಗಳು. ತಮಿಳುನಾಡಿನ ತೀರದಲ್ಲಿ ಇವು ಬಹಳ. ಅಡಿಪಾಯ ಹಾಕಿ, ದೋಣಿಯ ಹಿಂಭಾಗ ಬಲಪಡಿಸಿ ಕೂರಿಸಿದ ಮೇಲೆ ದಿನವೂ ಕಳಚುವ ಮಾತಿಲ್ಲ. ನಡುಕ ಹೆಚ್ಚು, ಫೈಬರಿನ ಕೂಡುಗಳು ಸಡಿಲವಾಗುತ್ತವೆ. ಹೊಸ ದೋಣಿಯನ್ನೇ ಮಾಡಿಸುತ್ತಿರುವವರು, ಬಂದರಿನಲ್ಲಿ ಕಟ್ಟುವವರು ಇದನ್ನು ಖಂಡಿತ ಯೋಚಿಸಬೇಕು. ಇರುವ ದೋಣಿಗೆ ಎಂಜಿನ್ ಬದಲಿಸುತ್ತಿರುವವರಿಗೆ ನಾನು ಹೇಳುವುದಿಲ್ಲ.

ಬ್ಯಾಟರಿ

ಯುವಕರು ಇದನ್ನು ಹೆಚ್ಚು ಕೇಳುತ್ತಾರೆ, ಕೇಳಬೇಕಾದದ್ದೇ. ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ 2017ರಿಂದ 75 ಜನರನ್ನು ಒಯ್ಯುವ 'ಆದಿತ್ಯ' ಎಂಬ ಸೌರಶಕ್ತಿಯ ದೋಣಿ ಓಡುತ್ತಿದೆ. ಆದರೆ ಅದು ಹಿನ್ನೀರು. ದೂರ ಗೊತ್ತು, ಹೊತ್ತು ಗೊತ್ತು, ಚಾರ್ಜಿಗೆ ಜಾಗ ಗೊತ್ತು.

ನಮ್ಮ ಕಡಲಿನ ಲೆಕ್ಕ ಹೀಗೆ. 9.9 ಅಶ್ವಶಕ್ತಿ ಎಂದರೆ 7.3 ಕಿಲೋವಾಟ್. ಪೂರ್ತಿ ವೇಗದಲ್ಲಿ ನಾಲ್ಕು ಗಂಟೆಗೆ 29 ಯೂನಿಟ್ ವಿದ್ಯುತ್ತು. ಒಂದು ಕಿಲೋ ಬ್ಯಾಟರಿಯಲ್ಲಿ ಯೂನಿಟ್ಟಿನ ಹತ್ತನೆಯ ಒಂದು ಪಾಲು ಹಿಡಿದರೆ 290 ಕಿಲೋ. ಅಷ್ಟು ತೂಕದಲ್ಲಿ ನಾಲ್ಕು ಜನ ಕೂರುತ್ತಾರೆ, ಅಥವಾ ಒಂದು ದಿನದ ಒಳ್ಳೆಯ ಮೀನು. ಹೊರಗಡಲಿನ ಬಲೆಗಾರರಿಗೆ ಇದು ಇಂದು ಆಗುವ ಮಾತಲ್ಲ.

ಆದರೆ ಎಲ್ಲರೂ ಹೊರಗಡಲಿಗೆ ಹೋಗುವುದಿಲ್ಲ. ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ತೆಗೆಯುವವರು, ಹೊಳೆಯೊಳಗೆ ಪಂಜರ ಕಟ್ಟಿ ಮೀನು ಸಾಕುವವರು, ಪಾತಿದೋಣಿಯಲ್ಲಿ ಒಂದೆರಡು ಕಿಲೋಮೀಟರ್ ಹೋಗಿ ಬಲೆ ಬಿಡುವವರು ಇದ್ದಾರೆ. ಇವರಿಗೆ ಒಂದು ಕಿಲೋವಾಟಿನ ಚಿಕ್ಕ ಮೋಟರ್ ಸಾಕು. ಈ-ಪ್ರೊಪಲ್ಷನ್ ಕಂಪನಿಯ ಸ್ಪಿರಿಟ್ ಮಾದರಿಯಲ್ಲಿ ಸುಮಾರು 1.28 ಯೂನಿಟ್ಟಿನ ಬ್ಯಾಟರಿ ಇದೆ. ಪೂರ್ತಿ ವೇಗದಲ್ಲಿ ಒಂದೂಕಾಲು ಗಂಟೆ, ಅರ್ಧ ವೇಗದಲ್ಲಿ ಅದರ ಹಲವು ಪಟ್ಟು. ಬ್ಯಾಟರಿ ಕಳಚಿ ಮನೆಗೆ ಒಯ್ದು ಸಾಮಾನ್ಯ ಪ್ಲಗ್‌ಗೆ ಹಾಕಬಹುದು. ಸದ್ದಿಲ್ಲ, ಬಳಚಿನ ನೀರಿಗೆ ಎಣ್ಣೆಯಿಲ್ಲ. ಬೆಲೆ ಹೆಚ್ಚು, ಸರ್ವಿಸ್ ಇನ್ನೂ ದೂರ. ನಾಲ್ಕಾರು ಮನೆಯವರು ಒಟ್ಟಾಗಿ ಕೊಳ್ಳುವುದಾದರೆ, ಒಂದು ಹೆಚ್ಚುವರಿ ಬ್ಯಾಟರಿ ಇಟ್ಟುಕೊಳ್ಳುವುದಾದರೆ ಒಳ್ಳೆಯ ದಾರಿ.

ಹಳೆಯದನ್ನೇ ಕೊಳ್ಳುವುದಾದರೆ

ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಬಳಸಿದ ಎಂಜಿನ್ ಅನಿವಾರ್ಯ. ಕೆಳಗಿನ ಗೇರ್ ಎಣ್ಣೆಯ ತಿರುಪು ಸಡಿಲಿಸಿ ಎರಡು ಹನಿ ಬೆರಳಿಗೆ ಹಚ್ಚಿಕೊಳ್ಳಿ. ಹಾಲಿನ ಬಣ್ಣವಿದ್ದರೆ ಒಳಗೆ ನೀರು ಹೋಗಿದೆ, ಬಿಟ್ಟುಬಿಡಿ. ಎರಡು ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದಕ್ಕೊಂದು ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂಲ ಬಿಲ್ ಮತ್ತು ಎಂಜಿನ್ ನಂಬರ್ ಇಲ್ಲದ್ದನ್ನು ಮುಟ್ಟಬೇಡಿ. ದೋಣಿಯ ನೋಂದಣಿಯಲ್ಲಿ ಎಂಜಿನ್ನಿನ ವಿವರವೂ ಇರಬೇಕಾಗುತ್ತದೆ.

ನೆರವಿನ ಹಣವನ್ನು ನಂಬಿಕೊಂಡು ಕೊಳ್ಳುವವರು ಕ್ರಮ ತಪ್ಪಬೇಡಿ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60ರ ಪಾಲು ಇದೆ. ಯಾವ ಎಂಜಿನ್ ಯಾವ ಯೋಜನೆಗೆ ಒಳಪಡುತ್ತದೆ ಎಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲು ಕೇಳಿ, ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ ಬಿಲ್ ಮಾಡಿಸಿ. ಮೊದಲೇ ಕೊಂಡು ಆಮೇಲೆ ಅರ್ಜಿ ಹಾಕಿದವರು ಕಚೇರಿಗೆ ಅಲೆದು ಸುಸ್ತಾದುದನ್ನು ನೋಡಿದ್ದೇನೆ.

ಹಾಗಾದರೆ ಯಾರಿಗೆ ಯಾವುದು

ದಕ್ಕೆಗೆ ಕಟ್ಟುವ, ತಿಂಗಳಿಗೆ 15 ದಿನಕ್ಕಿಂತ ಹೆಚ್ಚು ಹೋಗುವ ದೋಣಿಗೆ ನನ್ನ ಉತ್ತರ ಖಚಿತ: 9.9 ಫೋರ್ ಸ್ಟ್ರೋಕ್. ಮರಳಿನಿಂದ ಇಳಿಸುವ, ಇಬ್ಬರೇ ಇರುವ, ಮಳೆಗಾಲದಲ್ಲಿ ಮಾತ್ರ ಹೆಚ್ಚು ದುಡಿಯುವ ದೋಣಿಗೆ ಹಗುರವಾದ ಟೂ ಸ್ಟ್ರೋಕ್. ಮರಳಿನಿಂದಲೇ ಇಳಿಸಿದರೂ ನಾಲ್ಕು ಜನರಿದ್ದು ವರ್ಷವಿಡೀ ಹೋಗುವವರದು ಕಷ್ಟದ ಪ್ರಶ್ನೆ. ಅವರಿಗೆ 37 ಕಿಲೋದ ಆಸುಪಾಸಿನ ಹಗುರ ಫೋರ್ ಸ್ಟ್ರೋಕ್ ನೋಡಿ, ಹೊರಲು ಇಬ್ಬರು ಯಾವಾಗಲೂ ಇರುತ್ತಾರಲ್ಲ, ಎನ್ನುತ್ತೇನೆ. ಹೊಳೆಯೊಳಗಿನವರು ಬ್ಯಾಟರಿಯನ್ನು ಒಮ್ಮೆ ಓಡಿಸಿ ನೋಡಿಯೇ ನಿರ್ಧರಿಸಿ.

ಬ್ರ್ಯಾಂಡಿನ ಬಗ್ಗೆ ಜಗಳ ಬೇಡ. ಯಮಾಹಾ, ಸುಜುಕಿ, ತೊಹಾಟ್ಸು, ಹೋಂಡಾ ಎಲ್ಲವೂ ಒಳ್ಳೆಯ ಎಂಜಿನ್ ಮಾಡುತ್ತವೆ. ನಿಮ್ಮ ಹತ್ತಿರದ ಬಂದರಿನ ಅಂಗಡಿಗೆ ಹೋಗಿ ನೀರಿನ ಪಂಪಿನ ಇಂಪೆಲರ್, ಹಗ್ಗದ ಸ್ಪ್ರಿಂಗ್, ಪ್ರೊಪೆಲರ್ ಪಿನ್ನು, ಹೆಡ್ ಗ್ಯಾಸ್ಕೆಟ್ ಇವು ನಾಲ್ಕನ್ನು ಕೇಳಿ. ಯಾವ ಕಂಪನಿಯದು ಕಪಾಟಿನಿಂದಲೇ ತೆಗೆದುಕೊಡುತ್ತಾರೋ ಅದು ನಿಮ್ಮ ಕಂಪನಿ.

ಶಾಫ್ಟಿನ, ಅಂದರೆ ಎಂಜಿನ್ನಿನಿಂದ ಪ್ರೊಪೆಲರಿನ ಕಡೆಗೆ ಇಳಿಯುವ ಕಂಬದ, ಉದ್ದವನ್ನು ಮರೆಯಬೇಡಿ. 15, 20, 25 ಇಂಚಿನವು ಬರುತ್ತವೆ. ಎಂಜಿನ್ ಕಟ್ಟುವ ಹಲಗೆಯ ತುದಿಯಿಂದ ದೋಣಿಯ ತಳದವರೆಗೆ ಅಳೆದುಕೊಂಡು ಹೋಗಿ. ಪ್ರೊಪೆಲರಿನ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳಕ್ಕಿಂತ ಒಂದೆರಡು ಇಂಚು ಕೆಳಗೆ ಬರಬೇಕು. ಅಳಿವೆಯ ಅಲೆಯಲ್ಲಿ ಹಿಂಭಾಗ ಎದ್ದಾಗ ಗಿಡ್ಡ ಶಾಫ್ಟು ಗಾಳಿಯಲ್ಲಿ ತಿರುಗಿ ಕಿರುಚುತ್ತದೆ, ಬೇಕಾದ ಹೊತ್ತಿಗೇ ಹಿಡಿತ ತಪ್ಪುತ್ತದೆ.

ಪ್ರೊಪೆಲರೂ ಹಾಗೆಯೇ. ಪೆಟ್ಟಿಗೆಯಲ್ಲಿ ಬರುವುದು ಹಗುರ ಬೋಟಿನ ವೇಗಕ್ಕೆ ಹೊಂದಿಸಿದ್ದಾಗಿರಬಹುದು. ಭಾರದ ದೋಣಿಗೆ ಪಿಚ್ (ಪ್ರೊಪೆಲರ್ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಕಡಿಮೆ ಇರುವುದು ಬೇಕು. ಇದನ್ನು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಮಾರುವವರಿಂದ ಚಕ್ರಗತಿ ಅಳೆಯುವ ಮೀಟರ್ ಒಂದು ದಿನಕ್ಕೆ ಕೇಳಿಕೊಳ್ಳಿ. ಬಲೆ, ಜನ, ಮಂಜುಗಡ್ಡೆ ಎಲ್ಲ ತುಂಬಿ ಶಾಂತ ನೀರಿನಲ್ಲಿ ಪೂರ್ತಿ ವೇಗ ಕೊಡಿ. ಆದರೆ ಹೊಸ ಎಂಜಿನ್ನಿನ ಮೊದಲ ಹತ್ತು ಗಂಟೆಯ ನಿಧಾನದ ಓಟ ಮುಗಿದ ಮೇಲೆ ಮಾತ್ರ ಇದನ್ನು ಮಾಡಿ. ಕೈಪಿಡಿಯಲ್ಲಿ ನಿಮಿಷಕ್ಕೆ 5,000ದಿಂದ 6,000 ಸುತ್ತು ಎಂದಿದ್ದು ನಿಮಗೆ 4,600 ಬಂದರೆ ಎಂಜಿನ್ ಉಸಿರುಗಟ್ಟುತ್ತಿದೆ. ಪಿಚ್ ಒಂದು ಇಂಚು ಇಳಿಸಿದರೆ 200ರಷ್ಟು ಏರುತ್ತದೆ. ಎರಡು ಇಂಚು ಇಳಿಸಿ ಮತ್ತೆ ಅಳೆಯಿರಿ. ಈ ಕೆಲಸವನ್ನು ಮೇ 20ರೊಳಗೆ ಮುಗಿಸಿಕೊಳ್ಳಿ, ಆಮೇಲೆ ಪ್ರೊಪೆಲರ್ ಬದಲಿಸಿಕೊಡಲು ಅಂಗಡಿಯವರಿಗೂ ಪುರುಸೊತ್ತು ಇರುವುದಿಲ್ಲ, ನನಗೂ ಇರುವುದಿಲ್ಲ.